ಮನೆಯಲ್ಲಿ ಕಟ್ಟುವ ವಿಮಾನಕ್ಕೆ ಎಂಜಿನ್: ಕಿಟ್ ಜೋಡಿಸೋಣವೋ, ಹಳೆಯದನ್ನು ಬಿಚ್ಚಿ ಕಟ್ಟೋಣವೋ, ಸಿದ್ಧವಾದದ್ದನ್ನೇ ತರೋಣವೋ?

ಬಾಲದ ಭಾಗ ಮುಗಿಯಿತು, ರೆಕ್ಕೆಗೆ ರಿವೆಟ್ ಹೊಡೆದಾಯಿತು, ಇನ್ನು ಎಂಜಿನ್ ಯಾವುದು ಹಾಕೋಣ? ಗ್ಯಾರೇಜಿನಲ್ಲಿ ವಿಮಾನ ಕಟ್ಟುವವರು ಈ ಪ್ರಶ್ನೆ ಕೇಳುವುದು ಹೆಚ್ಚಾಗಿ ಹೀಗೆಯೇ, ಅರ್ಧ ಕೆಲಸ ಆದ ಮೇಲೆ. ಅಷ್ಟು ಹೊತ್ತಿಗೆ ಅರ್ಧ ಉತ್ತರ ತಾನಾಗಿಯೇ ತೀರ್ಮಾನವಾಗಿರುತ್ತದೆ. ಉಳಿದರ್ಧವನ್ನು ಬೆಲೆ ಮತ್ತು ಹಾರ್ಸ್‌ಪವರ್ ನೋಡಿ ಮುಗಿಸುತ್ತಾರೆ. ನನ್ನ ಪಟ್ಟಿಯಲ್ಲಿ ಅವೆರಡೂ ಮೂರನೇ, ನಾಲ್ಕನೇ ಸಾಲಿನವು. ಮೊದಲು ಕೇಳಿಕೊಳ್ಳಬೇಕಾದದ್ದು, ಈ ಎಂಜಿನ್ನಿನ ಹೊಟ್ಟೆಯೊಳಗೆ ಇರುವ ಪ್ರತಿ ಬೋಲ್ಟಿಗೂ ನಾನೇ ಜವಾಬ್ದಾರ ಎಂದು ಹೇಳುವ ಆಸೆ ನಿಮಗೆ ನಿಜವಾಗಿ ಇದೆಯೇ ಎಂದು. ಎರಡನೆಯದು, ಇದ್ದರೆ, ನೀವು ಕಟ್ಟುವಾಗ ಪಕ್ಕದಲ್ಲಿ ನಿಂತು "ತಡಿ, ಅದನ್ನು ಇನ್ನೊಂದು ಸಲ ಅಳೆ" ಎನ್ನುವವರು ಯಾರಿದ್ದಾರೆ ಎಂದು.

ಈ ಬರಹದ ಲೆಕ್ಕವೆಲ್ಲ ಅಮೆರಿಕದ್ದು. ಈ ಹವ್ಯಾಸ ಅಷ್ಟು ದೊಡ್ಡದಾಗಿ ಬೆಳೆದದ್ದು ಅಲ್ಲೇ. ಪಾಲ್ ಪೊಬೆರೆಜ್ನಿ 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಶುರುಮಾಡಿದ, ವಿಮಾನ ಕಟ್ಟುವ ಹವ್ಯಾಸಿಗಳ ಇಎಎ ಸಂಘದ ಶಾಖೆಗಳು ಊರೂರಿನ ಸಣ್ಣ ಏರ್‌ಪೋರ್ಟುಗಳಲ್ಲಿವೆ. ಹಾಗಾಗಿ "ಪಕ್ಕದಲ್ಲಿ ನಿಲ್ಲುವವರು" ಅಲ್ಲಿ ಹುಡುಕಿದರೆ ಸಿಗುತ್ತಾರೆ. ಭಾರತದಲ್ಲಿರುವವರಿಗೆ ಬೇಕಾದ ಎರಡು ಮಾತು ಮುಂದೆ ಹೇಳುತ್ತೇನೆ.

ಕಾನೂನು ಏನನ್ನು ಕೇಳುತ್ತದೆ, ಏನನ್ನು ಕೇಳುವುದಿಲ್ಲ

ವಿಮಾನದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಕಟ್ಟಿರಬೇಕು ಎಂಬುದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ. ಎಲ್ಲರ ಬಾಯಲ್ಲಿ ಅದು 51 ಪರ್ಸೆಂಟ್ ರೂಲ್. ಎಂಜಿನ್ ಈ ಲೆಕ್ಕಕ್ಕೆ ಬರುವುದಿಲ್ಲ. ನೀವೇ ಜೋಡಿಸಿದರೆ ಅಂಕ ಕೂಡುವುದಿಲ್ಲ, ಡಬ್ಬದಲ್ಲಿ ಬಂದದ್ದನ್ನು ಹಾಗೇ ಕೂರಿಸಿದರೆ ಅಂಕ ಕಳೆಯುವುದೂ ಇಲ್ಲ. ಪ್ರೊಪೆಲರ್, ಚಕ್ರ, ಬ್ರೇಕುಗಳದ್ದೂ ಇದೇ ಕಥೆ. ಆದ್ದರಿಂದ "ನಿಯಮಕ್ಕೋಸ್ಕರ ಎಂಜಿನ್ನನ್ನೂ ನಾನೇ ಕಟ್ಟಬೇಕಲ್ಲ" ಎಂದುಕೊಂಡವರು ಆ ಭಾರವನ್ನು ಇಳಿಸಿಬಿಡಬಹುದು.

ನಿಯಮದ ಬಿಸಿ ತಾಗುವುದು ಪರೀಕ್ಷಾ ಹಾರಾಟದ ಅವಧಿಯಲ್ಲಿ. ಸರ್ಟಿಫೈ ಆದ, ಅಂದರೆ ಸರ್ಕಾರದ ಪ್ರಮಾಣಪತ್ರ ಇರುವ ಎಂಜಿನ್ನಿಗೆ ಅಂಥದ್ದೇ ಪ್ರೊಪೆಲರ್ ಜೋಡಿಯಾಗಿದ್ದರೆ ಸಾಮಾನ್ಯವಾಗಿ 25 ಗಂಟೆ, ಬೇರೆ ಯಾವ ಜೋಡಿಯಾದರೂ 40 ಗಂಟೆ. ಅಷ್ಟು ಕಾಲ ಗೊತ್ತುಪಡಿಸಿದ ಪ್ರದೇಶದೊಳಗೇ ಹಾರಬೇಕು, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆ ಹದಿನೈದು ಗಂಟೆಯ ವ್ಯತ್ಯಾಸಕ್ಕೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಕೆಡಿಸಿಕೊಳ್ಳಬೇಡಿ. ಮನೆಯಲ್ಲಿ ಕಟ್ಟಿದ ಎಂಜಿನ್ನಿಗೆ 40 ಗಂಟೆ ಹೆಚ್ಚೇನಲ್ಲ, ನಾನಾದರೆ ಖುಷಿಯಿಂದ ಹಾರಿಸುತ್ತೇನೆ.

ನಿಜವಾದ ಲಾಭ ಬೇರೆ. ವಿಮಾನ ಕಟ್ಟಿದವರು ಅದಕ್ಕೆ ರಿಪೇರ್‌ಮನ್ ಸರ್ಟಿಫಿಕೇಟ್ ಪಡೆಯಬಹುದು. ಆಗ ವರ್ಷಕ್ಕೊಮ್ಮೆಯ ತಪಾಸಣೆಗೆ ಅವರದೇ ಸಹಿ ಸಾಕು. ನಡುವಿನ ರಿಪೇರಿಗೆ ಈ ವರ್ಗದ ವಿಮಾನದಲ್ಲಿ ಯಾರ ಲೈಸೆನ್ಸೂ ಬೇಕಿಲ್ಲ. ಅಂದರೆ ಮುಂದಿನ ಇಪ್ಪತ್ತು ವರ್ಷ ಈ ಎಂಜಿನ್ನಿನ ಮೆಕ್ಯಾನಿಕ್ ನೀವೇ. ಎಂಜಿನ್ ಆರಿಸುವುದು ಎಂದರೆ ಆ ಇಪ್ಪತ್ತು ವರ್ಷದ ಕೆಲಸವನ್ನು ಆರಿಸುವುದೂ ಹೌದು.

ಎಂಜಿನ್ ನಿಲ್ಲುವುದು ಎಲ್ಲಿಂದ

ಯಾವ ಆಯ್ಕೆಗೆ ಹೋಗುವ ಮುನ್ನವೂ ಇದೊಂದು ತಲೆಯಲ್ಲಿರಲಿ. ಹವ್ಯಾಸಿ ವಿಮಾನಗಳ ಅಪಘಾತಗಳ ಬಗ್ಗೆ ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಒಂದು ದೊಡ್ಡ ಅಧ್ಯಯನ ಹೊರತಂದಿತು. ಎಂಜಿನ್ ಬಲ ಕಳೆದುಕೊಳ್ಳುವುದು, ಹಾರಾಟದಲ್ಲಿ ಹತೋಟಿ ತಪ್ಪುವುದು, ಇವೆರಡೇ ಎದ್ದು ಕಂಡ ಕಾರಣಗಳು. ಅದು ಮಾಡಿದ ಶಿಫಾರಸುಗಳಲ್ಲಿ ಒಂದು, ಮೊದಲ ಹಾರಾಟಕ್ಕೆ ಮುಂಚೆ ಇಂಧನ ವ್ಯವಸ್ಥೆಯನ್ನು ಓಡಿಸಿ ಪರೀಕ್ಷಿಸುವುದು ಕಡ್ಡಾಯವಾಗಬೇಕು ಎಂಬುದು. ಪಿಸ್ಟನ್, ಬೇರಿಂಗುಗಳಿಗಿಂತ ಮೊದಲು ಅವರ ಕಣ್ಣು ಹೋದದ್ದು ಪೆಟ್ರೋಲ್ ಬರುವ ದಾರಿಯ ಕಡೆಗೆ.

ಹೀಗಾಗಿ ಎಂಜಿನ್ನಿನ ಬ್ಲಾಕಿನ ಜೊತೆಗೆ ಅದರ ಸುತ್ತಲಿನದ್ದನ್ನೂ ಹೋಲಿಸಿ ನೋಡಬೇಕು. ಎಂಜಿನ್ ಹಿಡಿದಿಡುವ ಮೌಂಟ್, ಎಕ್ಸಾಸ್ಟ್, ಕಾರ್ಬ್ಯುರೇಟರ್, ಗಾಳಿಯನ್ನು ಸಿಲಿಂಡರ್ ಮೇಲೆ ಹಾಯಿಸುವ ಬ್ಯಾಫಲ್ ತಗಡುಗಳು, ಎಂಜಿನ್ ಮುಚ್ಚುವ ಕೌಲ್, ಪಂಪು, ಪೈಪು, ವೈರಿಂಗ್. ಇದೆಲ್ಲ ನಿಮ್ಮದೇ ಮಾದರಿಯ ವಿಮಾನಕ್ಕೆ ಒಂದೇ ಕಂಪನಿಯಿಂದ, ಹತ್ತಾರು ಜನ ಹಾರಿಸಿ ನೋಡಿದ ಸ್ಥಿತಿಯಲ್ಲಿ ಸಿಗುತ್ತದೆಯೇ? ಸಿಗುವುದಾದರೆ ಒಳಗಿನ ಎಂಜಿನ್ನನ್ನು ನೀವೇ ಕಟ್ಟುವ ಸಾಹಸಕ್ಕೆ ನನ್ನ ಒಪ್ಪಿಗೆ ಇದೆ. ಸಿಗದಿದ್ದರೆ, ಅಂದರೆ ಎಂಜಿನ್ನೂ ನಿಮ್ಮದೇ ಪ್ರಯೋಗ, ಅದರ ಸುತ್ತಲಿನದ್ದೂ ನಿಮ್ಮದೇ ಪ್ರಯೋಗ ಎಂದಾದರೆ, ಒಂದನ್ನು ಬಿಡಿ.

ಫೋಕ್ಸ್‌ವ್ಯಾಗನ್ ಕಿಟ್: ಮೊದಲ ಎಂಜಿನ್ ಕಟ್ಟುವವರಿಗೆ

ಬೀಟಲ್ ಕಾರಿನ ಗಾಳಿ ತಂಪಿನ ನಾಲ್ಕು ಸಿಲಿಂಡರ್ ಎಂಜಿನ್ ಹವ್ಯಾಸಿಗಳ ಕೈಗೆ ಬಿದ್ದು ದಶಕಗಳೇ ಆದವು. ಇವತ್ತು ಇದನ್ನು ವಿಮಾನದ ಕಿಟ್ ಆಗಿ ಕೊಡುವವರಲ್ಲಿ ಹೆಚ್ಚು ಪರಿಚಿತರು ಆಶ್‌ಕಾಶ್‌ನ ಸೋನೆಕ್ಸ್. ಅವರ ಏರೋವೀ ಎಂಜಿನ್ 2180 ಸಿಸಿ. ಬೋರ್ (ಸಿಲಿಂಡರಿನ ಒಳವ್ಯಾಸ) 92 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 82 ಮಿ.ಮೀ.; 3400 ಆರ್‌ಪಿಎಂನಲ್ಲಿ 80 ಹಾರ್ಸ್‌ಪವರ್. ಬೀಟಲ್ ಕಾರಿನ ತಯಾರಿಕೆ ಮೆಕ್ಸಿಕೋದಲ್ಲಿ 2003ರಲ್ಲೇ ನಿಂತರೂ ಬಿಡಿಭಾಗದ ಮಾರುಕಟ್ಟೆ ನಿಂತಿಲ್ಲ. ಕಿಟ್ಟಿನಲ್ಲಿ ಬರುವುದೆಲ್ಲ ಹೊಸದು. ಗುಜರಿಯಿಂದ ತಂದ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಎಷ್ಟು ಸವೆದಿದೆಯೋ ಎಂಬ ಚಿಂತೆ ಇಲ್ಲ. ಬೆಲೆ, ವಿಮಾನಕ್ಕೆಂದೇ ಮಾಡುವ ಹೊಸ ಲೈಕಮಿಂಗ್ ಎಂಜಿನ್ನಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಕೆಲಸ ಕಷ್ಟವಲ್ಲ, ಆದರೆ ಅವಸರಕ್ಕೆ ಒಗ್ಗುವುದಿಲ್ಲ. ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಈ ಎಂಜಿನ್ನಿನ ಕೇಸು ಎರಡು ಹೋಳು, ಮಧ್ಯದಲ್ಲಿ ಕ್ರ್ಯಾಂಕ್ ಮಲಗುತ್ತದೆ. ಕೇಸಿನಲ್ಲಿ ಬೇರಿಂಗ್ ಕೂರುವ ಕಡೆ ಸಣ್ಣ ಉಕ್ಕಿನ ಗೂಟ ಇರುತ್ತದೆ, ಬೇರಿಂಗಿನಲ್ಲಿ ಅದಕ್ಕೊಂದು ತೂತು. ಗೂಟ ತೂತಿಗೆ ಇಳಿದಾಗ ಬೇರಿಂಗ್ "ಟಕ್" ಎಂದು ಕೂರುತ್ತದೆ, ಬೆರಳಿಂದ ಆಚೀಚೆ ತಿರುಗಿಸಿದರೂ ಅಲುಗುವುದಿಲ್ಲ. ಕೂದಲೆಳೆಯಷ್ಟು ತಪ್ಪಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಕೇಸು ಮುಚ್ಚಿ ನಟ್ಟು ಬಿಗಿದಾಗ ಗೂಟ ಬೇರಿಂಗಿನ ಬೆನ್ನನ್ನು ಒತ್ತಿ ಹಾಳುಮಾಡುತ್ತದೆ. ಅದಕ್ಕೇ ಎರಡು ನಟ್ಟು ಬಿಗಿಯುವುದು, ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸುವುದು, ಮತ್ತೆ ಎರಡು ನಟ್ಟು, ಮತ್ತೆ ಒಂದು ಸುತ್ತು. ಎಲ್ಲಿ ಬಿಗಿ ಎನ್ನಿಸಿತೋ ಅಲ್ಲೇ ನಿಲ್ಲಿಸಿ ಬಿಚ್ಚಬೇಕು. "ಓಡಿದಂತೆ ಸರಿಹೋಗುತ್ತದೆ" ಎನ್ನುವ ಮಾತು ಬೈಕಿಗೂ ಸರಿಯಲ್ಲ, ಇಲ್ಲಿಗಂತೂ ಬೇಡವೇ ಬೇಡ.

ಆಮೇಲೆ ಕ್ರ್ಯಾಂಕಿನ ಹಿಂದುಮುಂದಿನ ಆಟ. ಶಿಮ್ ಎನ್ನುವ ಮೂರು ತೆಳು ಬಿಲ್ಲೆಗಳನ್ನು ಬದಲಿಸಿ ಬದಲಿಸಿ, ಡಯಲ್ ಗೇಜ್ ಇಟ್ಟು, ಆ ಆಟವನ್ನು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿಗೆ ತರಬೇಕು. ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡದ ಗೇರಿನ ಒಂದು ಚುಕ್ಕಿ ಕ್ರ್ಯಾಂಕ್ ಗೇರಿನ ಎರಡು ಚುಕ್ಕಿಗಳ ನಡುವೆ ಬಂದಿದೆಯೇ ಎಂದು ಕೇಸು ಮುಚ್ಚುವ ಮುಂಚೆ ಫೋಟೋ ತೆಗೆದಿಡಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಅನುಮಾನ ಬಂದಾಗ ಆ ಫೋಟೋ ಬೇಕಾಗುತ್ತದೆ. ಕೇಸಿನ ಅಂಚಿಗೆ ಸೀಲೆಂಟ್ ತೆಳುವಾಗಿರಲಿ. ಒಳಗೆ ಉಕ್ಕಿ ಬಂದ ಸೀಲೆಂಟಿನ ತುಣುಕು ಎಣ್ಣೆಯ ದಾರಿ ಹಿಡಿದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಹೇಳಲಾಗದು. ಹೆಡ್ಡಿನ ನಟ್ಟುಗಳ ಟಾರ್ಕ್ (ಬಿಗಿಯುವ ಬಲ) ಬೇರೆ ಎಂಜಿನ್ ಕಂಡವರಿಗೆ ಆಶ್ಚರ್ಯವಾಗುವಷ್ಟು ಕಡಿಮೆ: 8 ಮಿ.ಮೀ. ಸ್ಟಡ್ಡಿಗೆ ಸುಮಾರು 18 ಫುಟ್-ಪೌಂಡ್. ಬೇರೆ ಎಂಜಿನ್ನಿನ ಅಭ್ಯಾಸದ ಕೈ ಇನ್ನೊಂಚೂರು ಎಳೆಯುತ್ತದೆ, ಮೆಗ್ನೀಸಿಯಂ ಕೇಸಿನಿಂದ ಸ್ಟಡ್ಡು ಕಿತ್ತು ಬರುತ್ತದೆ.

ಇನ್ನು ದೌರ್ಬಲ್ಯ. ಎರಡೆರಡು ಸಿಲಿಂಡರಿಗೆ ಒಂದೇ ಹೆಡ್ಡು, ಅದರ ಫಿನ್ನುಗಳು ಒಂದು ಮಿತಿಯವರೆಗೆ ಮಾತ್ರ ಬಿಸಿಯನ್ನು ಹೊರಹಾಕುತ್ತವೆ. 80 ಹಾರ್ಸ್‌ಪವರ್ ಟೇಕಾಫ್‌ಗೆ ಸರಿ, ಗಂಟೆಗಟ್ಟಲೆ ಅಷ್ಟನ್ನೇ ಕೇಳಿದರೆ ಎಕ್ಸಾಸ್ಟ್ ವಾಲ್ವುಗಳು ಬೆಲೆ ತೆರುತ್ತವೆ. ಇನ್ನೊಂದು, ಪ್ರೊಪೆಲರ್ ನೇರವಾಗಿ ಕ್ರ್ಯಾಂಕಿಗೇ ಕೂತಿದೆ. 3400 ಆರ್‌ಪಿಎಂನಲ್ಲಿ ತಿರುಗಬೇಕಾದರೆ ಅದು ಗಿಡ್ಡಗಿರಬೇಕು. ಗಿಡ್ಡ ಪ್ರೊಪೆಲರ್ ವೇಗದ, ನುಣುಪು ಮೈಯ ವಿಮಾನಕ್ಕೆ ಹೊಂದುತ್ತದೆ, ಸೋನೆಕ್ಸ್‌ನಂಥದ್ದಕ್ಕೆ ಸೊಗಸು. ನಿಧಾನವಾಗಿ ಹಾರುವ, ಗಾಳಿಗೆ ಎದೆಯೊಡ್ಡುವ, ರೆಕ್ಕೆ ಮೇಲಿರುವ ಹೈವಿಂಗ್ ವಿಮಾನಕ್ಕೆ ಅದೇ 80 ಹಾರ್ಸ್‌ಪವರ್ ಸಾಲದು ಅನ್ನಿಸುತ್ತದೆ. ಪೇಪರಿನ ಮೇಲೆ ಅಷ್ಟೇ ಶಕ್ತಿಯ ರೋಟ್ಯಾಕ್ಸ್ ಎಂಬ ವಿಮಾನ ಎಂಜಿನ್, ಗೇರ್‌ಬಾಕ್ಸ್ ಮೂಲಕ ದೊಡ್ಡ ಪ್ರೊಪೆಲರನ್ನು ನಿಧಾನವಾಗಿ ತಿರುಗಿಸಿ, ಅದೇ ವಿಮಾನವನ್ನು ಚುರುಕಾಗಿ ಎತ್ತುತ್ತದೆ. ಹಾರ್ಸ್‌ಪವರ್ ಪಟ್ಟಿಯ ಕೆಳಗಿನ ಸಾಲಿನದು ಎಂದದ್ದು ಇದಕ್ಕೇ.

ಲೈಕಮಿಂಗ್ ಎಂಜಿನ್ನಿನ ಸೆಸ್ನಾ ವಿಮಾನದಲ್ಲಿ ಹಾರಲು ಕಲಿತವರಿಗೆ ಒಂದು ಸಣ್ಣ ಎಚ್ಚರಿಕೆ. ಏರೋವೀ ಪ್ರೊಪೆಲರ್ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಟೇಕಾಫ್‌ನಲ್ಲಿ ರೂಢಿಯಾದ ಬಲಗಾಲು ಅಲ್ಲ, ಎಡಗಾಲು ಒತ್ತಬೇಕು.

ಕೋರ್ವೇರ್: ತಾಳ್ಮೆ ಇದ್ದವರಿಗೆ, ಗೆಳೆಯರು ಇದ್ದವರಿಗೆ

ಶೆವರ್ಲೆ ಕಂಪನಿ 1960ರಿಂದ 1969ರವರೆಗಿನ ಮಾದರಿಗಳಲ್ಲಿ ಮಾರಿದ ಕೋರ್ವೇರ್ ಕಾರಿನ ಎಂಜಿನ್ ಹಿಂದುಗಡೆ ಇತ್ತು, ಗಾಳಿ ತಂಪಿನದು, ಆರು ಸಿಲಿಂಡರ್ ಮಟ್ಟಸವಾಗಿ ಮಲಗಿರುವಂಥದ್ದು. ವಿಮಾನಕ್ಕೆಂದೇ ಮಾಡಿದಂತಿತ್ತು. ಫೋರ್ಡ್ ಮಾಡೆಲ್ ಎ ಎಂಜಿನ್ ಹಾಕಿ ಏರ್ ಕ್ಯಾಂಪರ್ ವಿಮಾನ ಹಾರಿಸಿದ್ದ ಮಿನ್ನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ ಅವರೇ 1960ರ ದಶಕದಲ್ಲಿ ಇದನ್ನೂ ಹಾಕಿ ಹಾರಿಸಿದರು. ಆಮೇಲೆ ಇದನ್ನು ಒಂದು ಶಿಸ್ತಿಗೆ ತಂದವರು ವಿಲಿಯಂ ವಿನ್. 1964ರಿಂದಾಚೆಯ ಸುಮಾರು 2700 ಸಿಸಿಯ ಎಂಜಿನ್ನಿನಿಂದ 100 ಹಾರ್ಸ್‌ಪವರ್, ಬೋರ್ ಹೆಚ್ಚಿಸಿದರೆ 120ರವರೆಗೆ. ತೂಕ ಸುಮಾರು 100 ಕೆಜಿ. ಆರು ಸಿಲಿಂಡರ್ ಆದ್ದರಿಂದ ನಡುಕ ಕಡಿಮೆ. ಕೂತು ಹಾರಿದವರು ಮೊದಲು ಹೊಗಳುವುದು ಅದನ್ನೇ.

ಫೋಕ್ಸ್‌ವ್ಯಾಗನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ, ಇದು ಹಳೆಯ ಕಾರಿನಿಂದ ಕಿತ್ತ ಎಂಜಿನ್ನಿನಿಂದ ಶುರುವಾಗುತ್ತದೆ. ಐವತ್ತು ವರ್ಷ ಮೀರಿದ ಕೊಳಕು, ತುಕ್ಕು, ಯಾರೋ ಬಿಗಿದು ಮುರಿದ ಬೋಲ್ಟು. ಬಿಚ್ಚಿ, ತೊಳೆದು, ಕ್ರ್ಯಾಂಕನ್ನು ಬಿರುಕಿನ ಪರೀಕ್ಷೆಗೆ ಕಳಿಸಿ, ಗ್ರೈಂಡ್ ಮಾಡಿಸಿ, ನೈಟ್ರೈಡಿಂಗ್ (ಉಕ್ಕಿನ ಮೇಲ್ಮೈ ಗಟ್ಟಿಗೊಳಿಸುವುದು) ಮಾಡಿಸಿ ತರಿಸಬೇಕು. ನೈಟ್ರೈಡಿಂಗ್ ಯಾಕೆ ಎಂಬುದರ ಹಿಂದೆ ಒಂದು ಪಾಠವಿದೆ. ಕಾರಿನಲ್ಲಿ ಈ ಕ್ರ್ಯಾಂಕ್ ತಾಳುತ್ತಿದ್ದದ್ದು ತಿರುಚುವ ಬಲವನ್ನು. ವಿಮಾನದಲ್ಲಿ ಅದರ ಮೂತಿಗೆ ಪ್ರೊಪೆಲರ್ ಕೂತಿದೆ. ವಿಮಾನ ಮೂಗೆತ್ತಿದಾಗ, ತಿರುಗಿದಾಗ, ಸುತ್ತುತ್ತಿರುವ ಪ್ರೊಪೆಲರ್ ಗೈರೋದಂತೆ ಎದುರು ಬಿದ್ದು ಕ್ರ್ಯಾಂಕನ್ನು ಬಾಗಿಸಲು ನೋಡುತ್ತದೆ. ಕೆಲವು ಕ್ರ್ಯಾಂಕುಗಳು ಹಾರಾಟದಲ್ಲೇ ಮುರಿದವು. ಉತ್ತರವಾಗಿ ಮೊದಲು ನೈಟ್ರೈಡಿಂಗ್ ಬಂತು, ಆಮೇಲೆ ಪ್ರೊಪೆಲರ್ ಕಡೆಗೆ ಒಂದು ಹೆಚ್ಚುವರಿ ಬೇರಿಂಗ್ ಬಂತು. ಹವ್ಯಾಸಿಗಳು ಅದನ್ನು "ಐದನೇ ಬೇರಿಂಗ್" ಎನ್ನುತ್ತಾರೆ. ಗಟ್ಟಿ ಉಕ್ಕಿನಿಂದ ಕಡೆದ ಹೊಸ ಕ್ರ್ಯಾಂಕ್ ಕೂಡ ಬಂದಿದೆ. ಇವತ್ತು ಐದನೇ ಬೇರಿಂಗ್ ಇಲ್ಲದೆ ಕೋರ್ವೇರ್ ಕಟ್ಟುವವರಿಗೆ ನನ್ನ ಕಡೆಯಿಂದ ಸಲಹೆ ಏನೂ ಇಲ್ಲ, ನಮಸ್ಕಾರ ಮಾತ್ರ.

ಹಾಗಾದರೆ ಇದನ್ನು ಯಾಕೆ ಆರಿಸಬೇಕು? "ಕೋರ್ವೇರ್ ಕಾಲೇಜ್" ಎಂದು ಕರೆಯುವ ಕಮ್ಮಟಗಳಿಗಾಗಿ. ಕೆಲವು ದಿನ ಒಂದೇ ಹ್ಯಾಂಗರಿನಲ್ಲಿ ಸೇರಿ, ಗೊತ್ತಿದ್ದವರ ಕಣ್ಣೆದುರಿಗೆ ನಿಮ್ಮ ಎಂಜಿನ್ ಜೋಡಿಸಿ, ಸ್ಟ್ಯಾಂಡಿನ ಮೇಲೆ ಓಡಿಸಿ ಮನೆಗೆ ಒಯ್ಯುವ ಪದ್ಧತಿ ಅದು. ಆರಂಭದಲ್ಲಿ ಕೇಳಿದ ಎರಡನೇ ಪ್ರಶ್ನೆಗೆ ಇಷ್ಟು ಸೊಗಸಾದ ಉತ್ತರ ಬೇರೆ ಯಾವ ಎಂಜಿನ್ನಿನಲ್ಲೂ ಇಲ್ಲ. ಪ್ಲಗ್ ಮಾತ್ರ ಸಿಲಿಂಡರಿಗೆ ಒಂದೇ, ಇಗ್ನಿಷನ್ ಎರಡಿದ್ದರೂ. ಏರೋವೀಯಲ್ಲಿ ಎರಡೆರಡು ಪ್ಲಗ್. ಇದು ಕೆಲವರಿಗೆ ಸಮಾಧಾನ ಕೊಡುವುದಿಲ್ಲ. ಜೆನಿತ್ ಸಿಎಚ್ 650, 750 ಅಥವಾ ಪೀಟನ್‌ಪೋಲ್ ವಿಮಾನ ಕಟ್ಟುತ್ತಿದ್ದರೆ, ಅವಸರವಿಲ್ಲದಿದ್ದರೆ, ಖಂಡಿತ ನೋಡಿ.

ಲೈಕಮಿಂಗ್: ಹಳೆಯದನ್ನು ತಂದು ಕಟ್ಟುವುದು

ವ್ಯಾನ್ಸ್ ಕಂಪನಿಯ ಕಿಟ್ಟಿನಿಂದ ಕಟ್ಟುವ ಆರ್‌ವಿ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. ಆರ್‌ವಿ-12 ಬಿಟ್ಟರೆ ಬಹುಪಾಲು ಎಲ್ಲದರ ಮೂಗಿನಲ್ಲೂ ಲೈಕಮಿಂಗ್ ವಂಶದ ಎಂಜಿನ್ನೇ ಇದೆ. ಓ-320 ಆದರೆ 150 ಅಥವಾ 160 ಹಾರ್ಸ್‌ಪವರ್, ಓ-360 ಆದರೆ 180. ಆರ್‌ವಿ ಕಟ್ಟುವವರು ಬೇರೆ ಎಂಜಿನ್ ಯೋಚಿಸುವುದೇ ಸಮಯ ಹಾಳು ಎಂದು ನೇರವಾಗಿ ಹೇಳುತ್ತೇನೆ. ಮೌಂಟಿನಿಂದ ಕೌಲಿನವರೆಗೆ ಎಲ್ಲವೂ ಇದಕ್ಕೇ ಅಳೆದು ಮಾಡಿದ್ದು. ಪ್ರಶ್ನೆ ಹೊಸದೋ, ಹಳೆಯದೋ ಎಂಬುದಷ್ಟೇ.

ಹಣ ಇದ್ದರೆ ಹೊಸದು, ಅದರಲ್ಲಿ ಮಾತಿಲ್ಲ. ನಡುವಿನ ದಾರಿಯೂ ಒಂದಿದೆ. ಟೆಕ್ಸಸ್‌ನ ಸುಪೀರಿಯರ್ ಕಂಪನಿ ಎಕ್ಸ್‌ಪಿ ಸರಣಿಯ ಎಂಜಿನ್ ಕೊಂಡವರನ್ನು ತನ್ನ ಜಾಗಕ್ಕೇ ಕರೆಸಿ, ಅವರ ಕೈಯಲ್ಲೇ ಜೋಡಿಸಿ, ಟೆಸ್ಟ್ ಸೆಲ್‌ನಲ್ಲಿ ಓಡಿಸಿ ಕಳಿಸುವ ಕ್ರಮ ಇಟ್ಟುಕೊಂಡು ಬಂದಿದೆ. ಉಳಿತಾಯ ದೊಡ್ಡದಲ್ಲ. ಆದರೆ ತಪ್ಪು ಮಾಡುವ ಮುಂಚೆಯೇ ಕೈ ಹಿಡಿಯುವವರು ಇರುತ್ತಾರೆ. ಒಬ್ಬರೇ ಕಟ್ಟಲು ಹೆದರಿಕೆ, ಡಬ್ಬದಿಂದ ತೆಗೆಯಲು ಬೇಸರ ಎಂಬ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಹಳೆಯ ಕೋರ್, ಅಂದರೆ ಬಿಚ್ಚಿ ಕಟ್ಟಬೇಕಾದ ಓಡಿದ ಎಂಜಿನ್, ಕೊಂಡು ಕಟ್ಟುವುದಾದರೆ ಕೊಳ್ಳುವಾಗಲೇ ಅರ್ಧ ಕೆಲಸ. ಲಾಗ್‌ಬುಕ್ ಇಲ್ಲದ ಎಂಜಿನ್ನನ್ನು ತೂಕದ ಲೆಕ್ಕದಲ್ಲಿ ಕೊಟ್ಟರೂ ಯೋಚಿಸಿ. ಪ್ರೊಪೆಲರ್ ನೆಲಕ್ಕೆ ಬಡಿದ ಇತಿಹಾಸ ಇದೆಯೇ? ಇದ್ದರೆ ಕ್ರ್ಯಾಂಕಿನ ಹಿಂಬದಿಯ ಗೇರು, ಅದರ ಬೋಲ್ಟು ಬದಲಾಗಿದೆಯೇ? ಸ್ಥಿರ ಪ್ರೊಪೆಲರ್ ಹಾಕಿದ್ದ ಟೊಳ್ಳು ಕ್ರ್ಯಾಂಕ್ ಆದರೆ ಮುಂಭಾಗದ ಒಳಗೋಡೆಯಲ್ಲಿ ತುಕ್ಕಿನ ಗುಳಿ ಬಿದ್ದಿದೆಯೇ? ಬಿದ್ದಿದ್ದರೆ ಕ್ರ್ಯಾಂಕ್ ಗುಜರಿಗೆ, ಕೋರ್ ಅಗ್ಗವಾಗಿ ಸಿಕ್ಕ ಸಂತೋಷವೂ ಅದರ ಜೊತೆಗೆ. ಇನ್ನು ಓ-320 ಹೆಚ್‌2ಎಡಿ ಎಂಬ ಮಾದರಿ. 1977ರಿಂದ 1980ರವರೆಗಿನ ಸೆಸ್ನಾ 172ಗಳಲ್ಲಿ ಬಂದದ್ದು, ಕ್ಯಾಮ್ ಮತ್ತು ಟ್ಯಾಪೆಟ್ ಸವೆತಕ್ಕೆ ಹೆಸರುವಾಸಿ. ಅಗ್ಗವಾಗಿ ಸಿಗುತ್ತದೆ. ಆರ್‌ವಿಯ ಸಾಮಾನ್ಯ ಮೌಂಟು, ಬಿಡಿಭಾಗಗಳಿಗೂ ಸರಿಹೊಂದುವುದಿಲ್ಲ. ದಾಟಿ ಮುಂದೆ ಹೋಗಿ.

ಕ್ಯಾಮ್ ವಿಷಯ ಬಂದಾಗ ಒಂದು ಮಾತು. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಮೇಲ್ಗಡೆ ಇದೆ. ಎಂಜಿನ್ ನಿಂತ ಮೇಲೆ ಎಣ್ಣೆ ಎಲ್ಲ ಕೆಳಗೆ ಇಳಿದು ಕ್ಯಾಮ್ ಒಣಗುತ್ತದೆ. ತಿಂಗಳುಗಟ್ಟಲೆ ನಿಂತ ವಿಮಾನದ ಎಂಜಿನ್ನಿನಲ್ಲಿ ಮೊದಲು ತುಕ್ಕು ಹಿಡಿಯುವುದು ಅಲ್ಲಿಗೇ. "ಹತ್ತು ವರ್ಷದಿಂದ ಹ್ಯಾಂಗರಿನಲ್ಲಿ ಜೋಪಾನವಾಗಿ ಇಟ್ಟಿದ್ದೇವೆ, 600 ಗಂಟೆ ಮಾತ್ರ ಓಡಿದೆ" ಎಂಬ ಜಾಹೀರಾತು ಓದಿದಾಗ ಸಂತೋಷಪಡಬೇಡಿ. ಈ ಎಂಜಿನ್ನುಗಳಿಗೆ ಕಂಪನಿ ಹೇಳುವ ಓವರ್‌ಹಾಲ್ (ಪೂರ್ತಿ ಬಿಚ್ಚಿ ಕಟ್ಟುವ) ಅವಧಿ 2000 ಗಂಟೆ ಅಥವಾ 12 ವರ್ಷ. ಆ ಹನ್ನೆರಡು ವರ್ಷ ಸುಮ್ಮನೆ ಬರೆದದ್ದಲ್ಲ.

ಬಿಚ್ಚಿದ ಮೇಲೆ ಕೇಸು, ಕ್ರ್ಯಾಂಕ್, ಕನೆಕ್ಟಿಂಗ್ ರಾಡುಗಳನ್ನು ಆಯಾ ಕೆಲಸದ ಶಾಪುಗಳಿಗೆ ಕಳಿಸಿ. ಮನೆಯಲ್ಲಿ ಅಳೆಯಬಹುದು, ಸರಿಪಡಿಸಲಾಗದು. ಎಷ್ಟು ಸವೆತ ಒಪ್ಪಬಹುದು ಎಂಬುದಕ್ಕೆ ಲೈಕಮಿಂಗ್‌ನ ಎಸ್‌ಎಸ್‌ಪಿ-1776 ಎಂಬ ಮಿತಿಗಳ ಪಟ್ಟಿಯೇ ಧರ್ಮಗ್ರಂಥ. ಪಕ್ಕದ ಹ್ಯಾಂಗರಿನವರ ಅನುಭವ ಅಲ್ಲ. ಸಿಲಿಂಡರುಗಳನ್ನು ಹೊಸದಾಗಿಯೇ ತರುವುದು ಒಳ್ಳೆಯದು. ವಾಪಸ್ ಬಂದ ಭಾಗಗಳನ್ನು ಜೋಡಿಸುವ ಕೆಲಸ ಒಂದು ಸ್ವಚ್ಛವಾದ ಟೇಬಲ್, ಎರಡು ಒಳ್ಳೆಯ ಟಾರ್ಕ್ ರೆಂಚ್, ಮೈಕ್ರೋಮೀಟರ್, ಸಿಲಿಂಡರಿಗೆ ರಿಂಗು ತೂರಿಸುವ ಕಂಪ್ರೆಸರ್ ಇಷ್ಟರಲ್ಲಿ ಆಗುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಹಂತ ಕೇಸಿನ ಎರಡು ಹೋಳನ್ನು ಸೇರಿಸುವುದು. ಅಲ್ಲಿ ಗ್ಯಾಸ್ಕೆಟ್ ಇಲ್ಲ. ಅಂಚಿಗೆ ತೆಳುವಾಗಿ ಸೀಲೆಂಟ್ ಸವರಿ, ಅದರ ಮೇಲೆ ರೇಷ್ಮೆ ನೂಲಿನ ಎಳೆಯನ್ನು ಬೋಲ್ಟಿನ ತೂತುಗಳ ಒಳಬದಿಯಲ್ಲಿ ಹಾಯಿಸುತ್ತಾ ಅಂಚಿನುದ್ದಕ್ಕೂ ಮಲಗಿಸುವುದು ಹಳೆಯ ಪದ್ಧತಿ, ಕಂಪನಿ ಒಪ್ಪಿದ್ದೇ. ನೂಲು ತಿರುಚಬಾರದು, ಒಂದರ ಮೇಲೊಂದು ದಪ್ಪವಾಗಿ ಬರಬಾರದು. ರಾಮನಗರದ ಕಡೆಯವರಾದರೆ ಖಂಡಿತ ಒಂದು ಕ್ಷಣ ನಗು ಬರುತ್ತದೆ: ಅಷ್ಟು ಟಾರ್ಕ್, ಅಷ್ಟು ಬಿಸಿ, ಅಷ್ಟು ಎಣ್ಣೆ, ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಒಂದೆಳೆ ರೇಷ್ಮೆ.

ಇಲ್ಲಿ ಜನ ಎಡವುವುದು ಅಂದಚಂದದ ವಿಷಯದಲ್ಲಿ. ಕೇಸಿಗೆ ಹೊಳೆಯುವ ಪೇಂಟ್ ಹೊಡೆಯುತ್ತಾರೆ. ಸಿಲಿಂಡರಿನ ತಳ ಕೇಸಿಗೆ ಕೂರುವ ಜಾಗದಲ್ಲಿ, ನಟ್ಟಿನ ಅಡಿಯಲ್ಲಿ ಪೇಂಟ್ ಇದ್ದರೆ ಬಿಗಿದಾಗ ಟಾರ್ಕ್ ಸರಿಯಾಗಿಯೇ ತೋರಿಸುತ್ತದೆ. ಬಿಸಿಯಲ್ಲಿ ಪೇಂಟ್ ಕುಗ್ಗಿದ ಮೇಲೆ ಬಿಗಿ ಸಡಿಲವಾಗುತ್ತದೆ, ಸ್ಟಡ್ಡು ದಣಿದು ಮುರಿಯುತ್ತದೆ, ಸಿಲಿಂಡರ್ ಕೇಸಿನಿಂದ ಬೇರೆಯಾಗುತ್ತದೆ. ಕಾಣುವ ಕಡೆ ಬೇಕಾದ ಬಣ್ಣ ಹೊಡೆಯಿರಿ, ಲೋಹಕ್ಕೆ ಲೋಹ ಸೇರುವ ಕಡೆ ಬರಿಮೈ ಇರಲಿ.

ಲೈಕಮಿಂಗ್‌ನ ದೊಡ್ಡ ಗುಣ ಮುಂದಿನ ವರ್ಷಗಳಲ್ಲಿ ಗೊತ್ತಾಗುತ್ತದೆ. ಒಂದು ಸಿಲಿಂಡರ್ ಕೈಕೊಟ್ಟರೆ ಅದೊಂದನ್ನೇ ಕಳಚಿ ಬದಲಿಸಬಹುದು; ಹೆಡ್ಡೂ ಬ್ಯಾರಲ್ಲೂ ಒಂದೇ ತುಂಡು. ಯಾವ ಏರ್‌ಪೋರ್ಟಿನಲ್ಲಿ ಇಳಿದರೂ ಅದನ್ನು ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ನೀವು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಕಟ್ಟಿದರೆ ಅದರ ಸರ್ಟಿಫೈಡ್ ಪಟ್ಟ ಹೋಯಿತು ಎಂದೇ ಲೆಕ್ಕ ಹಾಕಿ. ಮುಂದೆ ಸೆಸ್ನಾ ವಿಮಾನದ ಮಾಲೀಕರಿಗೆ ಎಂಜಿನ್ ಮಾರುವ ಆಸೆ ಇದ್ದರೆ, ಲೈಸೆನ್ಸ್ ಇರುವ ಮೆಕ್ಯಾನಿಕ್ ಮೇಲ್ವಿಚಾರಣೆಯಲ್ಲಿ ಕಟ್ಟಿ, ಅವರ ಸಹಿ ಲಾಗ್‌ಬುಕ್ಕಿಗೆ ಹಾಕಿಸಿಕೊಳ್ಳುವ ಮಾತನ್ನು ಮೊದಲೇ ಆಡಿಕೊಳ್ಳಿ.

ರೋಟ್ಯಾಕ್ಸ್, ಜಬಿರು: ಹಾರುವುದೇ ಮುಖ್ಯ ಎನ್ನುವವರಿಗೆ

ಇಲ್ಲಿ ಜೋಡಿಸುವ ಮಾತೇ ಇಲ್ಲ, ಹಾಗಾಗಿ ಹೇಳುವುದೂ ಕಡಿಮೆ. ಆಸ್ಟ್ರಿಯದ ರೋಟ್ಯಾಕ್ಸ್ 912 ಯುಎಲ್‌ಎಸ್ 100 ಹಾರ್ಸ್‌ಪವರ್. 5800 ಆರ್‌ಪಿಎಂ ಐದು ನಿಮಿಷದವರೆಗೆ, ಆಮೇಲೆ 5500. ನಡುವೆ 2.43ರ ಗೇರ್‌ಬಾಕ್ಸ್. ಸಿಲಿಂಡರಿಗೆ ಗಾಳಿ, ಹೆಡ್ಡಿಗೆ ಕೂಲೆಂಟ್. ಓವರ್‌ಹಾಲ್ ಅವಧಿ 2000 ಗಂಟೆ. ಸೀಸವಿಲ್ಲದ ಕಾರಿನ ಪೆಟ್ರೋಲ್ ಇದಕ್ಕೆ ಪ್ರಿಯ. ಸೀಸವಿರುವ ವಿಮಾನದ ಪೆಟ್ರೋಲ್, ಅಂದರೆ ಏವ್‌ಗ್ಯಾಸ್, ಹಾಕಿದರೆ ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕು. ಎರಡು ಕಾರ್ಬ್ಯುರೇಟರುಗಳನ್ನು ಸಮತೂಕಕ್ಕೆ ತರುವುದು, ಎಣ್ಣೆ ನೋಡುವ ಮುಂಚೆ ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬರುವವರೆಗೆ ಪ್ರೊಪೆಲರ್ ಕೈಯಲ್ಲಿ ತಿರುಗಿಸುವುದು, ಇಂಥ ಕೆಲವು ಅಭ್ಯಾಸ ಕಲಿತರೆ ಸಾಕು. ಆಸ್ಟ್ರೇಲಿಯದ ಜಬಿರು ಸರಳ, ಗಾಳಿ ತಂಪಿನದು, ಗೇರ್‌ಬಾಕ್ಸ್ ಇಲ್ಲ. ಹೆಡ್ಡಿನ ತಾಪವನ್ನು ಸದಾ ಗಮನಿಸುವ ಶಿಸ್ತಿನವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ಹೋಂಡಾ, ಸುಬಾರು ಕಾರಿನ ಎಂಜಿನ್‌ಗೆ ಗೇರ್ ರಿಡಕ್ಷನ್ ಹಾಕುವವರ ಗುಂಪೂ ಇದೆ. ಕಾರಿನ ಎಂಜಿನ್ ಕೆಟ್ಟದ್ದಲ್ಲ. ಆದರೆ ಎಂಜಿನ್, ಗೇರು, ಪ್ರೊಪೆಲರ್ ಮೂರೂ ಸೇರಿದಾಗ ಹುಟ್ಟುವ ತಿರುಚು ಕಂಪನ ಮೂರನ್ನೂ ಬೇರೆ ಬೇರೆಯಾಗಿ ಬಲ್ಲವರಿಗೂ ಅಂದಾಜಿಗೆ ಸಿಗುವುದಿಲ್ಲ. ಮೊದಲ ವಿಮಾನಕ್ಕೆ ಬೇಡ.

ಭಾರತದಲ್ಲಿರುವವರಿಗೆ

ಫೋಕ್ಸ್‌ವ್ಯಾಗನ್, ಕೋರ್ವೇರ್‌ಗಳನ್ನು ಇಲ್ಲಿ ಕನಸಲ್ಲೂ ಲೆಕ್ಕಕ್ಕೆ ತರಬೇಡಿ. ಬಿಡಿಭಾಗ, ಅನುಭವಿಗಳು, ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಗೆ ವಿವರಿಸಿ ಒಪ್ಪಿಸುವುದು, ಮೂರೂ ಕಷ್ಟ. ನಮ್ಮಲ್ಲಿ ಬೇರು ಬಿಟ್ಟಿರುವುದು ರೋಟ್ಯಾಕ್ಸ್ ಮತ್ತು ಜಬಿರು. ಬೆಂಗಳೂರಿನ ಸರ್ಕಾರಿ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ರೂಪಿಸಿದ ಹಂಸ-3 ವಿಮಾನ ಹಾರುತ್ತಿದ್ದದ್ದು ರೋಟ್ಯಾಕ್ಸ್ 914ರಲ್ಲಿ, ಈಗಿನ ಹಂಸ-ಎನ್‌ಜಿಯಲ್ಲಿರುವುದು ಇಂಜೆಕ್ಷನ್ ಇರುವ 912. ಬೆಂಗಳೂರಿನದೇ ರಾಜ್ ಹಂಸ ಅಲ್ಟ್ರಾಲೈಟ್ಸ್ ತನ್ನ ಎಕ್ಸ್-ಏರ್ ವಿಮಾನಗಳಲ್ಲಿ ರೋಟ್ಯಾಕ್ಸನ್ನೂ ಜಬಿರುವನ್ನೂ ಬಳಸಿದೆ, ಆ ವಿಮಾನಗಳು ಹೊರದೇಶಗಳಿಗೂ ಹೋಗಿವೆ.

ಒಂದು ಅಡ್ಡಿ ಹೊಸದಾಗಿ ಬಂದಿದೆ. ರೋಟ್ಯಾಕ್ಸ್ 912ಕ್ಕೆ ಕಂಪನಿ ಒಪ್ಪುವುದು ಹತ್ತು ಪರ್ಸೆಂಟ್ ಎಥನಾಲ್‌ವರೆಗೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಇಪ್ಪತ್ತರ ಪೆಟ್ರೋಲ್. ಏವ್‌ಗ್ಯಾಸ್ ಎಲ್ಲ ಏರ್‌ಪೋರ್ಟಿನಲ್ಲೂ ಇರುವುದಿಲ್ಲ. ಎಂಜಿನ್ ಆರಿಸುವ ಮೊದಲು ಪೆಟ್ರೋಲ್ ಎಲ್ಲಿಂದ ತರುತ್ತೀರಿ ಎಂಬುದನ್ನು ಗಟ್ಟಿಮಾಡಿಕೊಳ್ಳಿ. ಟ್ಯಾಂಕಿನ ಸೀಲೆಂಟ್, ರಬ್ಬರ್ ಹೋಸು, ಫ್ಲೋಟು ಯಾವುದು ಎಥನಾಲ್ ತಾಳುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿ.

ತಂದ ಮೇಲೆ, ತರುವ ಮುಂಚೆ

ಯಾವ ಎಂಜಿನ್ ಆದರೂ ಮೊದಲ ಸ್ಟಾರ್ಟಿಗೆ ಮುನ್ನ ಪ್ಲಗ್ ತೆಗೆದು, ಎಣ್ಣೆಯ ಒತ್ತಡ ಗೇಜಿನಲ್ಲಿ ಏಳುವವರೆಗೆ ತಿರುಗಿಸಿ. ವಿಮಾನದ ಮೂಗನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಕಾರ್ಬ್ಯುರೇಟರಿನ ಬಳಿ ಪೈಪು ಬಿಚ್ಚಿ, ಪೆಟ್ರೋಲನ್ನು ಅಳತೆ ಪಾತ್ರೆಗೆ ಬಿಟ್ಟು ಗಡಿಯಾರ ಹಿಡಿಯಿರಿ. ಪಂಪಿನಿಂದ ಬರುವುದಾದರೆ ಟೇಕಾಫ್‌ಗೆ ಬೇಕಾದದ್ದಕ್ಕಿಂತ ಕಾಲು ಪಾಲು ಹೆಚ್ಚು, ತಾನಾಗಿ ಇಳಿದು ಬರುವುದಾದರೆ ಒಂದೂವರೆ ಪಟ್ಟು ಬರಬೇಕು. ಲೈಕಮಿಂಗ್‌ನ ಹೊಸ ಸಿಲಿಂಡರುಗಳನ್ನು ನೆಲದ ಮೇಲೆ ಗಂಟೆಗಟ್ಟಲೆ ಓಡಿಸಿ "ಪಳಗಿಸಲು" ಹೋಗಬೇಡಿ. ರಿಂಗುಗಳು ಕೂರುವುದು ಹೆಚ್ಚು ಬಲದಲ್ಲಿ, ಹಾರಾಟದಲ್ಲಿ. ನೆಲದಲ್ಲಿ ಬರೀ ಬಿಸಿಯಾಗಿ ಗೋಡೆ ನುಣುಪಾಗುತ್ತದೆ, ಆಮೇಲೆ ಎಣ್ಣೆ ಕುಡಿಯುವುದು ನಿಲ್ಲುವುದೇ ಇಲ್ಲ.

ಆರ್ಡರ್ ಯಾವಾಗ ಮಾಡಬೇಕು? ಯಾವ ಎಂಜಿನ್ ಎಂಬುದನ್ನು ಕಿಟ್ ಕೊಳ್ಳುವ ದಿನವೇ ತೀರ್ಮಾನಿಸಿ, ದುಡ್ಡನ್ನು ಮಾತ್ರ ಆದಷ್ಟು ತಡವಾಗಿ ಕೊಡಿ. ವಾರಂಟಿಯ ಗಡಿಯಾರ ಬೇಗ ಶುರುವಾಗುತ್ತದೆ, ನಿಂತ ಎಂಜಿನ್ನಿಗೆ ತುಕ್ಕು ಹಿಡಿಯುತ್ತದೆ, ಐದು ವರ್ಷದಲ್ಲಿ ಇಗ್ನಿಷನ್ ಮಾದರಿಯೇ ಬದಲಾಗಿರುತ್ತದೆ. ಕೌಲ್ ಕತ್ತರಿಸುವ, ಮೌಂಟ್ ಕೂರಿಸುವ ಅಳತೆಗೆ ಹಾಳಾದ ಕೇಸೊಂದನ್ನು ಇಎಎ ಶಾಖೆಯವರಲ್ಲಿ ಕೇಳಿದರೆ ಸಾಲ ಸಿಗಬಹುದು. ತಾಯ್ನಾಡಿನ ಕಸ್ಟಮ್ಸ್ ದಾಟಿ ಬರಬೇಕಾದ ಎಂಜಿನ್ನಾದರೆ ಮಾತ್ರ ಈ ಲೆಕ್ಕ ತಲೆಕೆಳಗು: ಅದನ್ನು ಬೇಗ ತರಿಸಿ, ಸಿಲಿಂಡರುಗಳಲ್ಲಿ ತೇವ ಹೀರುವ ಪ್ಲಗ್ ಹಾಕಿ, ತುಕ್ಕು ತಡೆಯುವ ಎಣ್ಣೆ ತುಂಬಿ, ಎಲ್ಲ ಬಾಯಿಗಳನ್ನೂ ಮುಚ್ಚಿ ಇಡಿ. ಕಂಪನಿ ಹೇಳಿದ ಅವಧಿಗೊಮ್ಮೆ ಪ್ಲಗ್ಗಿನ ಬಣ್ಣ ನೋಡಿ. ನೀಲಿ ಇದ್ದದ್ದು ಗುಲಾಬಿಗೆ ತಿರುಗಿದ್ದರೆ ತೇವ ಒಳಗೆ ಬಂದಿದೆ ಎಂದರ್ಥ, ಅವತ್ತೇ ಬದಲಿಸಿ.